ಹತ್ತು ಲಕ್ಷಕ್ಕೊಂದು ಜೋಡಿ

"ಎಂತ ಡಾಕ್ಟ್ರೆ, ನಿಮಗೆ ಶೀತ ಆದ್ರೆ ಮನೆಯಲ್ಲಿ ನಿಮ್ಮ ಹೆಂಡ್ತಿ ಸೀನುವುದೇ ಇಲ್ವಾ?"

ಶೀಲಾವತಿ ವರದಿಯನ್ನು ಮೇಜಿನ ಮೇಲೆ ಎಸೆದಳು. ಅದು ಜಾರಿಕೊಂಡು ಹೋಗಿ ಡಾಕ್ಟರ್ ಬಸವಂತರಾಯರ ಚಹಾದ ಕಪ್ಪಿಗೆ ಬಡಿಯಿತು. ಒಂದು ಗುಟುಕಿನಷ್ಟು ಚಹಾ ವರದಿಯ ಮೇಲೆಯೇ ಚೆಲ್ಲಿತು.

"ಕುಂದರ್ರಿ ಮೇಡಂ. ಕುಂತು ಮಾತಾಡ್ರಿ."

"ಕೂತು ಕೂತು ಸಾಕಾಗಿದೆ. ಒಂದೂವರೆ ಗಂಟೆ ನಿಮ್ಮ ಬಾಗಿಲಲ್ಲಿ ಕೂರಿಸಿದ್ದೀರಿ ನನ್ನನ್ನು."

ಮುಂಬೈ ಫೋರ್ಟಿನ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ತ್ರಿಕಾಲ್ ಬ್ಯಾಟರಿ ಕಂಪನಿಯ ಹೆಡ್ ಆಫೀಸು. ಶನಿವಾರ ಬೆಳಿಗ್ಗೆ ಕಂಪನಿಯ ಡಾಕ್ಟರು ಇಲ್ಲಿ ಸಿಗುತ್ತಾರೆ. ತ್ರಿಕಾಲ್‌ನ ವಿಕ್ರೋಳಿ ಶೆಡ್ಡಿನಲ್ಲಿ ಸೀಸ ಕರಗಿಸುತ್ತಿದ್ದ ಯಲ್ಲಾಲಿಂಗ ಸತ್ತು, ಊಟದಲ್ಲಿ ಸೀಸ ಬೆರೆಸಿ ಕೊಂದಳೆಂದು ಅವನ ಹೆಂಡತಿ ಮಹಾದೇವಿ ಜೈಲಿಗೆ ಹೋಗಿ ಇಂದಿಗೆ ಹದಿನೆಂಟು ದಿನ. ಸೋಮವಾರ ಅವಳ ಜಾಮೀನು ಅರ್ಜಿ. ಆ ಅರ್ಜಿಗೆ ಅಡ್ಡಗಾಲು ಹಾಕಿ ಕೂತಿದ್ದದ್ದು ಈಗ ಚಹಾದಲ್ಲಿ ನೆನೆಯುತ್ತಿದ್ದ ಎರಡೇ ಎರಡು ಪುಟ.

ಆ ಪುಟಗಳಲ್ಲಿ ಇದ್ದದ್ದು ಒಂದು ಗುಣಾಕಾರ. ಮುಂಬೈಯಲ್ಲಿ ರಕ್ತದಲ್ಲಿ ಇಷ್ಟು ಸೀಸ ಇರುವವರು ಸಾವಿರಕ್ಕೊಬ್ಬರು. ಯಲ್ಲಾಲಿಂಗನಿಗೆ ಇತ್ತು, ಸಾವಿರಕ್ಕೊಂದು. ಮಹಾದೇವಿಗೂ ಇದೆ, ಸಾವಿರಕ್ಕೊಂದು. ಸಾವಿರವನ್ನು ಸಾವಿರದಿಂದ ಗುಣಿಸಿದರೆ ಹತ್ತು ಲಕ್ಷ. ಹತ್ತು ಲಕ್ಷ ಜೋಡಿಗಳಲ್ಲಿ ಒಂದು ಜೋಡಿಗೆ ಆಗುವಂಥದ್ದು ತಾನಾಗಿ ಆಗಲಾರದು, ಯಾರೋ ಉಣಿಸಿದ್ದಾರೆ. ಅಡುಗೆ ಮಾಡುತ್ತಿದ್ದವಳು ಮಹಾದೇವಿ. ಅನುಮಾನ ಬಾರದಿರಲೆಂದು ತಾನೂ ಚೂರು ತಿಂದಿದ್ದಾಳೆ. ಕೆಳಗೆ ಬಸವಂತರಾಯರ ಸಹಿ, ಮೊಹರು.

ಮೊದಲ ಸಲ ಇದನ್ನು ಓದಿದಾಗಲೇ ಶೀಲಾವತಿಗೆ ಮೈಯೆಲ್ಲ ಉರಿದುಹೋಗಿತ್ತು. ಪತ್ತೇದಾರಿಕೆಗೆ ಇಳಿಯುವ ಮೊದಲು ಅವಳು ಇದೇ ಫೋರ್ಟಿನ ಒಂದು ವಿಮಾ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಗಂಡ ಹೆಂಡತಿಯರ ಜಂಟಿ ಪಾಲಿಸಿಗಳನ್ನು ನೋಡಿಕೊಂಡವಳು. ಆ ಮೇಜಿನಲ್ಲಿ ಸೇರಿದ ಮೊದಲ ವಾರವೇ ಹೊಸಬರಿಗೆ ಕಲಿಸುತ್ತಿದ್ದ ಪಾಠವನ್ನು ಈ ಮನುಷ್ಯ ಕಾಲಲ್ಲಿ ಒದ್ದು ಕೋರ್ಟಿಗೆ ಕಳಿಸಿದ್ದ.

"ಯಲ್ಲಾಲಿಂಗ ವಿಕ್ರೋಳಿಯಲ್ಲಿ, ಇವಳು ಬೊರಿವಲಿಯಲ್ಲಿ, ಒಬ್ಬರ ಮುಖ ಒಬ್ಬರು ಕಂಡಿಲ್ಲ ಅಂತಾದ್ರೆ ಗುಣಿಸಿ, ನಾನು ಬೇಡ ಅನ್ನುವುದಿಲ್ಲ," ಅಂದಳು. "ಇವರು ಗಂಡ ಹೆಂಡ್ತಿ ಮಾರಾಯ್ರೆ! ಹತ್ತಡಿ ಹನ್ನೆರಡಡಿ ಖೋಲಿ. ಒಂದೇ ಗಾಳಿ, ಒಂದೇ ನೀರು, ಒಂದೇ ಹಾಸಿಗೆ. ಗಂಡನಿಗೆ ಬಂದಿದೆ ಅಂತ ಗೊತ್ತಾದ ಮೇಲೆ ಹೆಂಡ್ತಿಗೆ ಬರುವ ಸಾಧ್ಯತೆ ಸಾವಿರಕ್ಕೊಂದು ಉಳಿಯುವುದಿಲ್ಲ. ಅದು ಬೇರೆಯೇ ಲೆಕ್ಕ."

"ಅಂದ್ರ ಇದು ಆಕಸ್ಮಿಕ ಅಲ್ಲ ಅಂತ ನೀವೂ ಒಪ್ಪಿದ್ರಿ."

"ಒಪ್ಪಿದೆ. ಆದರೆ ಆಕಸ್ಮಿಕ ಅಲ್ಲ ಅಂದ ಕೂಡಲೇ ಕೊಲೆ ಅಂತ ನಿಮಗೆ ಯಾವ ಕಾಲೇಜಿನಲ್ಲಿ ಕಲಿಸಿದ್ರು? ನಡುವೆ ನಿಮ್ಮ ಕಾರ್ಖಾನೆ ಅಂತ ಒಂದು ಉಂಟಲ್ಲ, ಅದು ಕಣ್ಣಿಗೆ ಕಾಣಲಿಲ್ವಾ?"

ಬಸವಂತರಾಯರು ನಕ್ಕರು. ಕಲಬುರಗಿಯ ಮನುಷ್ಯ, ತುಂಬಿದ ಮೈ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಕುರ್ಚಿಯ ಬೆನ್ನಿಗೆ ಹಳೇ ಬಟ್ಟೆ ಪದರ ಪದರವಾಗಿ ಕೂಡಿಸಿ ಹೊಲಿದ ಊರಿನ ಕೌದಿಯೊಂದನ್ನು ಮಡಚಿ ಹಾಕಿಕೊಂಡಿದ್ದರು. ನೀಲಿ ತುಂಡುಗಳ ಮೇಲೆ ಬಿಳಿ ನೂಲಿನ ಸಾಲು ಸಾಲು ಹೊಲಿಗೆ. ಎಸಿ ಕೋಣೆಯಲ್ಲಿ ಕೌದಿಯ ಶೋಕಿ ನೋಡು ಎಂದು ಶೀಲಾವತಿಗೆ ಅದರ ಮೇಲೂ ಸಿಟ್ಟು ಬಂತು.

"ನಮ್ಮ ಶೆಡ್ಡಿನ ಹವಾ ಕ್ಲೀನ್ ಅದ. ತಿಂಗಳಾ ಸರ್ಟಿಫಿಕೇಟ್ ಬರ್ತದ," ಅಂದರು ಅವರು. "ಮತ್ತೊಂದು ಕೇಳ್ರಿ. ಆಕಿ ದಿನಾ ಗಂಡ ಉಂಡ ತಾಟಿನ್ಯಾಗೇ ಉಣ್ತಿದ್ಲು. ಅವನಿಗೆ ಹಾಕಿದ್ದು ಹಂಗೇ ಆಕಿಗೂ ಚೂರು ಹೋಗ್ಯದ. ಪೊಲೀಸರಿಗೆ ಆಕೀನೇ ಹೇಳ್ಯಾಳ."

"ವಿಷ ಹಾಕಿದವಳು ಅದೇ ತಾಟಿನಲ್ಲಿ ಕಲಸಿಕೊಂಡು ಉಣ್ತಾಳಾ? ನಾಚಿಕೆ ಆಗುವುದಿಲ್ವಾ ಇದನ್ನು ಬಾಯಿಬಿಟ್ಟು ಹೇಳಲಿಕ್ಕೆ? ಒಂದು ದಿನ ಆದರೂ ಶೆಡ್ಡಿಗೆ ಹೋಗಿ ನೋಡಿದ್ದೀರಾ ನೀವು?"

"ಎಂಟು ವರ್ಷದಾಗ ಕಾಲೇ ಇಟ್ಟಿಲ್ಲ. ಅವಶ್ಯಕತಿ ಇಲ್ಲ." ಅದನ್ನು ಅವರು ಹೆಮ್ಮೆಯಿಂದಲೇ ಹೇಳಿದರು.

ಹೇಳುತ್ತ ಚಹಾದ ಕಪ್ಪಿಗೆ ಬಲಗೈ ಚಾಚಿದರು. ಬೆರಳುಗಳು ಹಿಡಿಯನ್ನು ಮುಟ್ಟಿದವು, ಮಣಿಕಟ್ಟು ಮಾತ್ರ ಮೇಲೇಳಲಿಲ್ಲ. ಒದ್ದೆ ಬಟ್ಟೆಯಂತೆ ಜೋತು ಬಿತ್ತು. ಅವರು ಮುಖ ಬದಲಿಸದೆ ಎಡಗೈಯಿಂದ ಕಪ್ಪು ಎತ್ತಿ ಕುಡಿದರು.

ಶೀಲಾವತಿ ಅದನ್ನು ನೋಡಿದಳು. ಯಲ್ಲಾಲಿಂಗನ ಕೈಯೂ ಮೊದಲು ಹೀಗೇ ಜೋತು ಬಿದ್ದದ್ದೆಂದು ಮಹಾದೇವಿ ಜೈಲಿನ ಜಾಲರಿಯಾಚೆ ನಿಂತು ತನ್ನದೇ ಕೈಯಿಂದ ಮಾಡಿ ತೋರಿಸಿದ್ದಳು. ಆಗ ಅವಳ ಬಾಯಲ್ಲಿ ಬಂದದ್ದು ಬೇರೊಂದೇ ಮಾತು: "ಗಂಡನ ಮಣ್ಣಿಗೂ ನನಗ ಬಿಡಲಿಲ್ರಿ ಅಕ್ಕಾ." ಅದು ನೆನಪಾಗಿ ಶೀಲಾವತಿಯ ಪಿತ್ತ ನೆತ್ತಿಗೇರಿತು. ಈ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಎದ್ದು ಹೋಗುವುದು ಜಾಣತನ. ಅಂಥ ಜಾಣತನ ಅವಳಿಗೆ ಐವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಒದಗಿ ಬಂದಿರಲಿಲ್ಲ.

"ಕೈ ಯಾಕೆ ಡಾಕ್ಟ್ರೆ ಹಾಗೆ ಜೋತಿದೆ?"

ಕಪ್ಪು ಅರ್ಧದಲ್ಲೇ ನಿಂತಿತು.

"ಹೊಟ್ಟೆ ಹಿಂಡುತ್ತದಾ ರಾತ್ರಿಯೆಲ್ಲ? ಮನೆಯಲ್ಲಿ ನಿಮ್ಮವರಿಗೂ ಉಂಟಾ? ಮೊದಲು ನಿಮ್ಮ ರಕ್ತ ಪರೀಕ್ಷೆ ಮಾಡಿಸಿ. ನಿಮ್ಮ ಹೆಂಡ್ತಿಯದ್ದೂ ಮಾಡಿಸಿ. ಇಬ್ಬರಿಗೂ ಸೀಸ ಬಂದ್ರೆ ನೀವೇ ಕೂತು ಗುಣಿಸಿ. ಆಮೇಲೆ ನಿಮ್ಮ ಹೆಂಡ್ತಿಯನ್ನೂ ಜೈಲಿಗೆ ಕಳಿಸುವಿರಂತೆ!"

"ಹೊರಗ ನಡೀರಿ!" ಬಸವಂತರಾಯರು ಎದ್ದು ನಿಂತರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ಏನು ಹೇಳ್ಲಕತ್ತೀರಿ ಅನ್ನೋದರ ಖಬರ್ ಅದ ಏನು ನಿಮಗ? ನಡೀರಿ ಮೊದ್ಲ!"

ಶೀಲಾವತಿ ಚೀಲ ಹೆಗಲಿಗೇರಿಸಿ ಬಾಗಿಲನ್ನು ಧಡಾರೆಂದು ಎಳೆದುಕೊಂಡು ಹೊರಬಿದ್ದಳು. ಚುಚ್ಚಬೇಕೆಂದೇ ಅಂದದ್ದು, ಚೆನ್ನಾಗಿ ಚುಚ್ಚಿತ್ತು. ಎದೆಯ ಭಾರ ಅರ್ಧ ಇಳಿದಂತಾಗಿ ಮೆಟ್ಟಿಲನ್ನು ಎರಡೆರಡಾಗಿ ಇಳಿದಳು.

*

ಹೈಕೋರ್ಟಿನ ಹಿಂದಿನ ಉಡುಪಿ ಹೋಟೆಲಿನಲ್ಲಿ ಅವಳಿಗೆ ಗೋಡೆ ಬದಿಯ ಒಂದು ಮೇಜು ಖಾಯಂ. ನೀರ್‌ದೋಸೆ ಮುಗಿಸಿ ಬಿಲ್ಲನ್ನು ತಿರುಗಿಸಿ, ಅದರ ಬೆನ್ನ ಮೇಲೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆದಳು. ನಾಲ್ಕು ಮನೆ. ಜಂಟಿ ಪಾಲಿಸಿ ಮೇಜಿನ ಅಭ್ಯಾಸ ಅದು. ಯಾವ ದಂಪತಿಯ ವಿಚಾರ ಬಂದರೂ ಕೈ ತಾನಾಗಿ ಈ ನಾಲ್ಕು ಮನೆ ಹಾಕುತ್ತಿತ್ತು.

ಕಳೆದ ವಾರ ಅವಳೇ ಒಂದು ಸೇವಾಸಂಸ್ಥೆಯವರ ಕಾಲು ಹಿಡಿದು ಮಹಾದೇವಿ ವಾಸವಿದ್ದ ಚಾಳಿನಲ್ಲಿ ರಕ್ತ ಪರೀಕ್ಷೆಯ ಶಿಬಿರ ಹಾಕಿಸಿದ್ದಳು. ಅರವತ್ತು ಜೋಡಿಗಳು ರಕ್ತ ಕೊಟ್ಟಿದ್ದರು. ಇಬ್ಬರಿಗೂ ಸೀಸ ಇದ್ದದ್ದು ಹನ್ನೆರಡು ಮನೆಗಳಲ್ಲಿ. ಗಂಡನಿಗೆ ಮಾತ್ರ, ಎಂಟು. ಹೆಂಡತಿಗೆ ಮಾತ್ರ, ಮೂರು. ಇಬ್ಬರಿಗೂ ಇಲ್ಲ, ಮೂವತ್ತೇಳು.

ಪೆನ್ನಿನ ತುದಿಯಿಂದ ಅವಳು ಮನೆಗಳನ್ನು ಕುಟ್ಟುತ್ತ ಹೋದಳು. ಸೀಸವಿದ್ದ ಗಂಡಂದಿರು ಇಪ್ಪತ್ತು ಜನ, ಎಲ್ಲರೂ ತ್ರಿಕಾಲ್‌ನವರೇ. ಅವರ ಹೆಂಡತಿಯರಲ್ಲಿ ಹನ್ನೆರಡು ಮಂದಿಗೆ ಸೀಸ, ಅಂದರೆ ನೂರಕ್ಕೆ ಅರವತ್ತು. ಸೀಸವಿಲ್ಲದ ಗಂಡಂದಿರು ನಲವತ್ತು. ಅವರ ಹೆಂಡತಿಯರಲ್ಲಿ ಮೂವರಿಗೆ, ನೂರಕ್ಕೆ ಏಳೂವರೆ. ಗಂಡನ ಮೈಯಲ್ಲಿ ಸೀಸವಿದ್ದರೆ ಹೆಂಡತಿಗೆ ಅಪಾಯ ಎಂಟು ಪಟ್ಟು.

ಗಂಡಂದಿರಲ್ಲಿ ಮೂವರಿಗೊಬ್ಬ, ಹೆಂಡತಿಯರಲ್ಲಿ ನಾಲ್ವರಿಗೊಬ್ಬಳು; ಬಸವಂತರಾಯರ ಹಾಗೆ ಇವೆರಡನ್ನೂ ಗುಣಿಸಿದ್ದರೆ ಇಡೀ ಚಾಳಿನಲ್ಲಿ ಐದು ಜೋಡಿ ಸಿಗಬೇಕಿತ್ತು. ಸಿಕ್ಕಿದ್ದು ಹನ್ನೆರಡು. ಹಾಗಾದರೆ ಒಂದೇ ಚಾಳಿನಲ್ಲಿ ಹನ್ನೆರಡು ಹೆಂಗಸರು ಸೇರಿಕೊಂಡು ಗಂಡಂದಿರಿಗೆ ವಿಷ ಕಲಸುತ್ತಿದ್ದಾರಾ? ಆ ಬೃಹಸ್ಪತಿಯ ಮುಖಕ್ಕೆ ಇದನ್ನು ಹಿಡಿಯಬೇಕಿತ್ತು ಎನ್ನಿಸಿ ಅವಳು ಹಲ್ಲು ಕಡಿದಳು.

ದಾರಿಯೂ ಸಿಕ್ಕಿತ್ತು. ತ್ರಿಕಾಲ್‌ನ ಗಂಡಸರು ಶೆಡ್ಡಿನ ಯೂನಿಫಾರ್ಮಿನಲ್ಲೇ ಮನೆಗೆ ಬರುತ್ತಾರೆ. ಒಗೆದರೆ ಕಪ್ಪು ನೀರು ಹರಿಯುತ್ತದೆಂದು ಜಗಳವಾಗಿ ಸಾರ್ವಜನಿಕ ನಲ್ಲಿಯ ಹತ್ತಿರ ಆ ಬಟ್ಟೆಗೆ ಬಹಿಷ್ಕಾರ. ಹಾಗಾಗಿ ಹೆಂಗಸರು ಅದನ್ನು ಖೋಲಿಯ ಮೂಲೆಯಲ್ಲಿ ನೀರಿಗೆಂದು ಕಟ್ಟಿದ ಮೋರಿಯಲ್ಲೇ ಕೊಡವಿ, ಬಡಿದು ಒಗೆಯುತ್ತಾರೆ. ಅದೇ ಮೋರಿಯ ಪಕ್ಕ ಒಲೆ, ಹಿಟ್ಟಿನ ಡಬ್ಬ, ಹಾಸಿಗೆ. ಗಂಡನಿಗೆ ಮಾತ್ರ ಸೀಸವಿದ್ದ ಎಂಟು ಮನೆಗಳಲ್ಲಿ ಹೆಂಡತಿಯರು ನಸುಕಿಗೇ ಕೆಲಸಕ್ಕೆ ಓಡುವವರು. ಅಲ್ಲಿ ಗಂಡಸರೇ ತಮ್ಮ ಬಟ್ಟೆಯನ್ನು ಹೊರಗೆ ಗಟಾರದ ಮೇಲೆ ಒಗೆದುಕೊಳ್ಳುತ್ತಿದ್ದರು. ಎಲ್ಲ ಸರಿಯಾಗಿ ಕೂರುತ್ತಿತ್ತು, ಬಿಲ್ಲಿನ ಮೂರನೇ ಮನೆ ಬಿಟ್ಟು.

ಫೋನು ಅರಚಿತು. ಮಹಾದೇವಿಯ ವಕೀಲೆ ಸಪ್ನಾ. ಮಂಗಳೂರಿನ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ. ಅವಳ ಕನ್ನಡ ನಾಲ್ಕು ಹೆಜ್ಜೆಗೊಮ್ಮೆ ಹಿಂದಿಯ ಕೈ ಹಿಡಿಯುತ್ತಿತ್ತು.

"ಆಂಟಿ, ನಿನ್ನೆ ನೀವು ಕಳಿಸಿದ ಟೇಬಲ್ ಏಕ್‌ದಂ ಮಸ್ತ್ ಇದೆ. ಲೇಕಿನ್ ಆ ಮೂರು ಜನ? ಓನ್ಲಿ ವೈಫ್? ಅವರ ಹಸ್ಬೆಂಡ್ ಫ್ಯಾಕ್ಟರಿಗೆ ಹೋಗುದೇ ಇಲ್ಲ ನಾ?"

"ಇಲ್ಲ. ಒಬ್ಬ ಗೌಂಡಿ, ಒಬ್ಬ ರಿಕ್ಷಾ, ಒಬ್ಬ ವಾಚ್‌ಮನ್."

"ವಹೀ ತೋ. ಸರ್ಕಾರಿ ವಕೀಲ ಅದನ್ನೇ ಹಿಡೀತಾನೆ. ಸೀಸ ಯೂನಿಫಾರ್ಮಿನಿಂದ ಬಂತು ಅಂತೀರಿ, ಇವರ ಮನೇಲಿ ಯೂನಿಫಾರ್ಮೇ ಇಲ್ಲ. ಮತ್ತೆ ಹೇಗೆ ಬಂತು? ಮಹಾದೇವಿ ಪಕ್ಕದ ಮನೆಯವರಿಗೂ ಖಿಲಾಯಾ, ತಿನ್ನಿಸಿದಳು ಅಂತಾನೆ. ಆ ಮೂರು ಜನರ ಆನ್ಸರ್ ಇಲ್ಲದೆ ನಾನು ಟೇಬಲ್ ಕೊಡುದಿಲ್ಲ ಆಂಟಿ. ನಮಗೇ ಉಲ್ಟಾ ಪಡೇಗಾ."

"ಕೊಡ್ತೇನೆ. ಇವತ್ತು ಸಂಜೆಯೊಳಗೆ ಕೊಡ್ತೇನೆ," ಅಂದಳು ಶೀಲಾವತಿ.

"ಆಂಟಿ, ಅವಳು ಇವತ್ತು ಜೈಲಲ್ಲಿ ತಾಟು ಹಿಡಿಯಲಿಕ್ಕೆ ಆಗದೆ ಬಿಟ್ಟಳಂತೆ. ಅನ್ನ ಎಲ್ಲ ನೆಲಕ್ಕೆ. ಬೇರೆ ಹೆಂಗಸರು ನಕ್ಕರಂತೆ, ಜಹರ್‌ವಾಲಿ, ವಿಷ ಹಾಕಿದವಳು ಅಂತ. ಮಂಡೇ ಬೇಲ್ ಆಗದಿದ್ದರೆ ಟ್ರೀಟ್‌ಮೆಂಟ್ ಇಲ್ಲ, ಆಮೇಲೆ..."

ಶೀಲಾವತಿ ಬಿಲ್ಲನ್ನು ಮಡಚಿ ಬ್ಲೌಸಿನೊಳಗೆ ತುರುಕಿಕೊಂಡು ಸಿಎಸ್‌ಟಿಯ ಕಡೆಗೆ, ಚಾಳಿಗೆ ಹೋಗುವ ಲೋಕಲ್ ಹಿಡಿಯಲು, ಓಡುನಡಿಗೆ ಹಾಕಿದಳು.

*

ಹೆಂಡತಿಗೆ ಮಾತ್ರ ಎಂಬ ಮನೆಯಲ್ಲಿದ್ದ ಮೂವರಲ್ಲಿ ಮೊದಲ ಹೆಸರು ನೀಲಾಬಾಯಿಯದು. ಗಂಡ ಗುರುಪಾದ ಬೊರಿವಲಿಯ ಸೈಟೊಂದರಲ್ಲಿ ಗೋಡೆ ಕಟ್ಟುವ ಗೌಂಡಿ. ಮಹಾದೇವಿಯ ಖೋಲಿಗೂ ಅವಳ ಖೋಲಿಗೂ ನಡುವೆ ಒಂದೇ ಗೋಡೆ.

ಎರಡು ವಾರದಿಂದ ಈ ಚಾಳಿನ ಮೆಟ್ಟಿಲು ಹತ್ತಿ ಇಳಿದವಳು ಶೀಲಾವತಿ. ಆದರೆ ಬಂದದ್ದೆಲ್ಲ ಬೆಳಗಿನ ನೀರಿನ ಹೊತ್ತಿನಲ್ಲಿ, ಯಾರು ಎಲ್ಲಿ ಬಟ್ಟೆ ಒಗೆಯುತ್ತಾರೆಂದು ನೋಡಲು. ಮಧ್ಯಾಹ್ನ ಎರಡು ಗಂಟೆಗೆ ಬಂದದ್ದು ಇದೇ ಮೊದಲು. ಅರ್ಧ ತೆರೆದ ಬಾಗಿಲೊಳಗೆ ಮೂವರು ಹೆಂಗಸರು ಕಾಲು ಚಾಚಿ ಕೂತಿದ್ದರು. ಮೂವರ ತೊಡೆಯ ಮೇಲೂ ಹರಡಿದ್ದು ಒಂದೇ ಕೌದಿ.

"ಬರ್ರಿ ಅಕ್ಕಾ, ಬರ್ರಿ. ಇಲ್ಲೇ ಕೌದಿ ಮ್ಯಾಲೇ ಕೂಡ್ರಿ," ನೀಲಾಬಾಯಿ ಜರುಗಿ ಜಾಗ ಮಾಡಿದಳು. "ನಮ್ಮ ಮಹಾದೇವಿ ಹ್ಯಾಂಗ ಇದ್ದಾಳ್ರಿ? ಅಕಿ ಇಲ್ಲದ ಈ ಮೂಲಿ ಖಾಲಿ ಖಾಲಿ ಅನಸ್ತದ. ನಾಲ್ಕೂ ಮಂದಿ ಕೂಡೇ ಹೊಲೀತಿದ್ವಿ."

ಶೀಲಾವತಿ ಕೂತಳು. ಉಳಿದ ಇಬ್ಬರನ್ನು ನೋಡಿದಳು. ಒಬ್ಬಳು ರಿಕ್ಷಾದವನ ಹೆಂಡತಿ. ಇನ್ನೊಬ್ಬಳು ವಾಚ್‌ಮನ್‌ನ ಹೆಂಡತಿ. ಬಿಲ್ಲಿನ ಮೂರನೇ ಮನೆ ಪೂರ್ತಿ ಅವಳೆದುರು ಸೂಜಿ ಹಿಡಿದು ಕೂತಿತ್ತು.

ನೀಲಾಬಾಯಿ ನೂಲಿನ ತುದಿಯನ್ನು ಬಾಯಲ್ಲಿ ಹಾಕಿ ಒದ್ದೆ ಮಾಡಿ ಸೂಜಿಗೆ ಪೋಣಿಸಿದಳು. ಒಂದು ಗೇಣು ಹೊಲಿದಳು. ಬಗ್ಗಿ ಹಲ್ಲಿನಿಂದ ನೂಲು ಕಡಿದಳು. ಮತ್ತೆ ತುದಿ ಬಾಯಿಗೆ. ಪಕ್ಕದಲ್ಲಿ ಹಳೇ ಬಟ್ಟೆಯ ಗಂಟು ಬಿಚ್ಚಿಕೊಂಡಿತ್ತು. ಅದರಿಂದ ನೀಲಿ ತುಂಡೊಂದನ್ನು ಎಳೆದು ಪಟಪಟ ಕೊಡವಿದಾಗ ಬೂದು ಧೂಳು ಎದ್ದು ಮೂವರೂ ಕೆಮ್ಮಿದರು.

"ನೀಲಾಬಾಯಿ, ಇದು ಎಂತ ಬಟ್ಟೆ?"

"ಕಾರ್ಖಾನಿದು ಅಲ್ರಿ. ವರ್ಷಾ ಹೊಸಾ ಯೂನಿಫಾರಂ ಕೊಡ್ತಾರ, ಹಳೇದು ಮನ್ಯಾಗ ಬೀಳ್ತಾವ. ದಪ್ಪ ಬಟ್ಟಿ ನೋಡ್ರಿ, ಒಗಾಯ್ಲಿಕ್ಕೆ ಹ್ವಾದ್ರ ರಟ್ಟಿ ಬೀಳ್ತದ. ಒಳಗಿನ ಪದರಿಗಿ ಹಾಕೋದಲ್ಲ, ಹಂಗೇ ಕೊಡವಿ ಹಾಕ್ತೀವಿ. ಥಂಡಿಗಿ ಛಲೋ ತಡೀತದ." ಅವಳು ಹೆಮ್ಮೆಯಿಂದ ಕೌದಿ ಸವರಿದಳು. "ಯಲ್ಲಾಲಿಂಗಣ್ಣನೇ ಎಲ್ಲಾರ ಮನಿಂದ ಕೂಡಿಸಿ ಗಂಟು ತಂದು ಕೊಡ್ತಿದ್ದ, ಪಾಪ."

ಮಗಳ ಮದುವೆಯಾದರೆ ಕೌದಿ, ಮಗು ಹುಟ್ಟಿದರೆ ಕೌದಿ, ಹರಿದ ಬಟ್ಟೆ ಎಸೆದರೆ ಪಾಪ. ಶಹಾಬಾದಿನಿಂದ, ಆಳಂದದಿಂದ ಬಂದ ಈ ಹೆಂಗಸರು ಮುಂಬೈಗೆ ಬರುವಾಗ ಸೂಜಿಯನ್ನೂ ತಂದಿದ್ದರು. ಊರಿನಲ್ಲಿ ಹಳೇ ಸೀರೆ, ಹಳೇ ಧೋತರ. ಇಲ್ಲಿ ಅವರ ಕೈಗೆ ಸಿಕ್ಕ ಹಳೇ ಬಟ್ಟೆ ಇದೊಂದೇ.

ಶೀಲಾವತಿಗೆ ತನ್ನ ಮೇಲೆಯೇ ರೇಗಿತು. ಹದಿನಾಲ್ಕು ದಿನ ಮೋರಿ ಮೋರಿ ಅಂತ ಬಗ್ಗಿ ನೋಡುತ್ತ ತಿರುಗಿದ್ದಳು. ಹೆಂಗಸರು ಮಧ್ಯಾಹ್ನ ಏನು ಮಾಡುತ್ತೀರಿ ಎಂದು ಒಮ್ಮೆಯಾದರೂ ಕೇಳಬಾರದಿತ್ತೇ?

"ಸ್ವಲ್ಪ ಬಾಯಿ ತೆರೀರಿ ನೀಲಾಬಾಯಿ. ಒಸಡು ತೋರಿಸಿ."

"ಯಾಕ್ರೀ?" ನೀಲಾಬಾಯಿ ನಗುತ್ತಲೇ ತುಟಿ ಎತ್ತಿದಳು. ಹಲ್ಲಿನ ಬುಡಕ್ಕೆ ಮಸಿಯಿಂದ ಎಳೆದಂಥ ನೀಲಿ ಗೆರೆ, ಮೈಗೆ ಸೀಸ ಸೇರಿದ್ದರ ಗುರುತು. ಶೀಲಾವತಿ ಉಳಿದ ಇಬ್ಬರ ಬಾಯನ್ನೂ ನೋಡಿದಳು. ಮೂವರದ್ದೂ ಒಂದೇ.

ನಿಧಾನವಾಗಿ ಬಿಡಿಸಿ ಹೇಳಿದಳು. ಧೂಳಿನಲ್ಲಿ ಏನಿದೆ, ಅದು ನೂಲಿನ ಜೊತೆ ಬಾಯಿಗೆ ಹೇಗೆ ಹೋಗುತ್ತದೆ, ಹೊದ್ದವರ ಮೂಗಿಗೆ ಹೇಗೆ ಹೋಗುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ಮೂರೂ ಸೂಜಿ ನಿಂತಿದ್ದವು. ನೀಲಾಬಾಯಿಯ ಕಣ್ಣು ತುಂಬಿ ಬಂತು.

"ಅಂದ್ರ ಯಲ್ಲಾಲಿಂಗಣ್ಣ ಶೆಡ್ಡಿನ್ಯಾಗೂ ಅದೇ ಉಂಡ, ಮನ್ಯಾಗ ನಮ್ಮ ಕೌದಿ ಹೊಚಗೊಂಡೂ ಅದೇ ಉಂಡ? ನಾವೇ ಹೊಲಿದು ಕೊಟ್ಟಿದ್ವಲ್ರಿ ಅಕ್ಕಾ! ಜ್ವರ ಬಂದಾಗ ಎರಡ್ಡು ಕೌದಿ ಹೊಚ್ಚಿದ್ಲು ಮಹಾದೇವಿ ಅವಗ!"

"ನೀವಲ್ಲ. ಧೂಳು ತುಂಬಿದ ಬಟ್ಟೆಯನ್ನು ಮನೆಗೆ ಕಳಿಸಿದವರು ಮಾಡಿದ್ದು. ಇದು ವಿಷ ಅಂತ ಒಬ್ಬ ನಾಯಿಯೂ ನಿಮಗೆ ಹೇಳಲಿಲ್ಲ. ಅದನ್ನು ಹೇಳಲಿಕ್ಕೇ ಸಂಬಳ ತೆಗೆದುಕೊಳ್ಳುವ ಡಾಕ್ಟ್ರು ಎಂಟು ವರ್ಷ ಶೆಡ್ಡಿಗೆ ಕಾಲಿಟ್ಟಿಲ್ಲ." ಶೀಲಾವತಿಯ ಧ್ವನಿ ಏರಿತು. "ನೀಲಾಬಾಯಿ, ಸೋಮವಾರ ಕೋರ್ಟಿಗೆ ಬಂದು ಇದನ್ನೇ ಹೇಳಬೇಕು. ಯಾರ ಬಟ್ಟೆ, ಯಾರು ತಂದದ್ದು, ಯಾರು ಹೊಲಿದದ್ದು, ಯಾರ ಮನೆಗೆ ಹೋಯಿತು. ನೀವು ಹೇಳಿದ್ರೆ ಮಹಾದೇವಿ ಹೊರಗೆ ಬರ್ತಾಳೆ."

"ಬರ್ತೀನ್ರಿ. ಸತ್ರೂ ಬರ್ತೀನಿ." ನೀಲಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮಗ ಅಂತ ಒಂದೂ ಇಟ್ಕೊಂಡಿಲ್ರಿ, ಈ ಚಾಳಿನ್ಯಾಗ ಹನ್ನೊಂದು ಮನಿಗಿ ಕೊಟ್ಟೀ‌ವಿ. ಆಮ್ಯಾಲ ಡಾಕ್ಟರ್ ಸಾಹೇಬ್ರ ಮನಿಗಿ ಎರಡ್ಡು."

"ಯಾವ ಡಾಕ್ಟ್ರು?"

"ಬಸವಂತರಾಯ ಸಾಹೇಬ್ರು. ಮುಲುಂದಿನ್ಯಾಗ ಅವರ ಮನೀ ಅಡಗಿ ನಾನೇ ಮಾಡ್ತೀನಲ್ರಿ, ನಾಕು ವರ್ಷ ಆತು. ಸಾಹೇಬ್ರ ಹೆಂಡ್ತಿ ಭುವನೇಶ್ವರಿ ಬಾಯಿಗಿ ಊರ ಕೌದಿ ಅಂದ್ರ ಜೀವ. ಒಂದು ಪಲಂಗದ ಮ್ಯಾಲ, ಒಂದು ಸಾಹೇಬ್ರ ಕುರ್ಚಿಗಿ."

ನೀಲಿ ತುಂಡುಗಳು. ಬಿಳಿ ನೂಲಿನ ಸಾಲು. ಜೋತು ಬಿದ್ದ ಮಣಿಕಟ್ಟು.

ಶೀಲಾವತಿ ತಡೆಯಲಾರದೆ ನಕ್ಕುಬಿಟ್ಟಳು. ಬೆಳಿಗ್ಗೆ ಸಿಟ್ಟಿನಲ್ಲಿ ಎಸೆದ ಮಾತು ನೆಟ್ಟಗೆ ಗುರಿಗೆ ಬಿದ್ದಿತ್ತು! ಶೆಡ್ಡಿಗೆ ಕಾಲಿಡದ ಮನುಷ್ಯ ಶೆಡ್ಡನ್ನೇ ಹೊದ್ದು ಮಲಗುತ್ತಿದ್ದ, ಹೆಂಡತಿಯ ಜೊತೆಗೆ. ಅವರಿಬ್ಬರ ರಕ್ತ ಮತ್ತು ಆ ಕೌದಿ, ಇಷ್ಟು ಸಿಕ್ಕರೆ ಸಪ್ನಾಗೆ ಬೇರೆ ಸಾಕ್ಷಿಯೇ ಬೇಡ.

ಅಷ್ಟರಲ್ಲಿ ನೀಲಾಬಾಯಿಯ ಫೋನು ಹಾಡಿತು. ಮಾತಾಡಿ ಇಟ್ಟು ಅವಳು ಎದ್ದಳು. "ಭುವನೇಶ್ವರಿ ಬಾಯಿದೇ ನೋಡ್ರಿ. ಇವತ್ತ ಲಗೂನ ಬಾ ಅಂತಾರ. ಯಾಕೋ ದನಿ ಒಂಥರಾ ಇತ್ತು."

"ಹೋಗಿ ಬನ್ನಿ," ಶೀಲಾವತಿ ಉತ್ಸಾಹದಿಂದ ಅಂದಳು. "ಬರುವಾಗ ಪಲಂಗದ ಮೇಲಿನ ಕೌದಿ ತನ್ನಿ. ಒಗೆಯಲಿಕ್ಕೆ ಅಂತ ಹೇಳಿ ತನ್ನಿ. ಬೇರೆ ಏನೂ ಬಾಯಿ ಬಿಡಬೇಡಿ."

ನೀಲಾಬಾಯಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಶೀಲಾವತಿ ಅಲ್ಲೇ ಕೂತು ಉಳಿದ ಇಬ್ಬರ ಹೇಳಿಕೆ ಬರೆದುಕೊಳ್ಳತೊಡಗಿದಳು. ಅರ್ಧ ಹೊಲಿದ ಕೌದಿಯನ್ನು ಮಡಚಿ ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡಳು. ಸಪ್ನಾಗೆ ಫೋನು ಮಾಡಿ ಮೂರನೇ ಮನೆಗೆ ಉತ್ತರ ಸಿಕ್ಕಿತು ಎಂದಾಗ ಆ ಹುಡುಗಿ ಆಚೆಯಿಂದ ಕೂಗಿದ ಕೂಗಿಗೆ ಕಿವಿ ಗುಂಯ್‌ ಎಂದಿತು.

*

ಐದೂವರೆಗೆ ಬಂದ ಫೋನು ಸಪ್ನಾದಲ್ಲ. ಮಹಾದೇವಿಯ ಕೇಸಿನ ತನಿಖೆ ನಡೆಸುತ್ತಿದ್ದ ಸಬ್ ಇನ್‌ಸ್ಪೆಕ್ಟರ್ ಸೋನಾಲಿಯದು. ಮರಾಠಿ ಹುಡುಗಿ, ಹಿಂದಿಯಲ್ಲೂ ಪ್ರತಿ ಮಾತನ್ನೂ ಅಳೆದು ಆಡುವವಳು. ಇಷ್ಟು ದಿನ ಶೀಲಾವತಿಗೆ ಆ ಠಾಣೆಯಲ್ಲಿ ಮರ್ಯಾದೆಯಿಂದ ಮಾತಾಡಿಸಿದ್ದವಳು ಅವಳೊಬ್ಬಳೇ.

"ಮ್ಯಾಡಮ್, ಡಾಕ್ಟರ್ ಬಸವಂತರಾಯರು ಇವತ್ತು ಹನ್ನೆರಡೂವರೆಗೆ ಕಂಪನಿಯ ಲ್ಯಾಬಿನಲ್ಲಿ ತಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಹೆಂಡತಿಯನ್ನೂ ಕರೆಸಿ ಮಾಡಿಸಿದರು. ಇಬ್ಬರಿಗೂ ಸೀಸ ಇದೆ."

"ಗೊತ್ತಿತ್ತು ನನಗೆ!" ಶೀಲಾವತಿ ತೊಡೆ ತಟ್ಟಿದಳು. "ಈಗಾದರೂ ಬುದ್ಧಿ ಬಂತಾ ಆ ಮನುಷ್ಯನಿಗೆ?"

ಆಚೆ ಸೋನಾಲಿ ಕಾಗದದ ಹಾಳೆ ಮಗುಚಿದಳು.

"ಅವರು ದೂರು ಕೊಟ್ಟಿದ್ದಾರೆ. ತಾವು ಕಾರ್ಖಾನೆಯ ಶೆಡ್ಡಿಗೆ ಎಂಟು ವರ್ಷದಿಂದ ಕಾಲಿಟ್ಟಿಲ್ಲ, ಹೆಂಡತಿ ಅದರ ಮುಖವನ್ನೇ ಕಂಡಿಲ್ಲ. ಹಾಗಾಗಿ ಇದು ಊಟದಿಂದಲೇ ಬಂದದ್ದು ಅನ್ನುತ್ತಾರೆ. ಒಬ್ಬರಿಗೆ ಸಾವಿರಕ್ಕೊಂದು, ಇನ್ನೊಬ್ಬರಿಗೆ ಸಾವಿರಕ್ಕೊಂದು. ಹತ್ತು ಲಕ್ಷಕ್ಕೊಂದು, ಮ್ಯಾಡಮ್, ಮತ್ತೊಮ್ಮೆ. ಅಡುಗೆಯವಳು ಮಹಾದೇವಿಯ ಪಕ್ಕದ ಖೋಲಿಯವಳು, ಜೀವದ ಗೆಳತಿ. ಅವಳ ರಕ್ತದಲ್ಲೂ ಚೂರು ಸೀಸ ಇದೆ ಎಂದು ನಿಮ್ಮದೇ ಶಿಬಿರದ ಕಾಗದ ಹೇಳುತ್ತದೆ. ಅನುಮಾನ ಬಾರದಿರಲೆಂದು ತಾನೂ ತಿಂದಳು, ಮಹಾದೇವಿಯ ಹಾಗೇ."

ಶೀಲಾವತಿಯ ಕೈ ತೊಡೆಯ ಮೇಲೆಯೇ ನಿಂತುಹೋಯಿತು. "ನೀಲಾಬಾಯಿ ಎಲ್ಲಿ?"

"ನಮ್ಮ ಹತ್ತಿರ. ಬೇಗ ಬಾ ಎಂದು ಫೋನು ಮಾಡಿಸಿದ್ದು ನಾವೇ. ಬಂದವಳು ಅಡುಗೆಮನೆಗೆ ಹೋಗಲಿಲ್ಲ. ನೆಟ್ಟಗೆ ಮಲಗುವ ಕೋಣೆಗೆ ಹೋಗಿ ಹಾಸಿಗೆಯ ಮೇಲಿನ ಕೌದಿ ಸುತ್ತಿಕೊಂಡು ಹೊರಟಿದ್ದಳು. ಯಾಕೆ ಎಂದರೆ ಒಗೆಯಲಿಕ್ಕೆ ಅಂದಳು. ಚೆನ್ನಾಗಿ ಒಗೆದ ಕೌದಿ ಅದು ಎಂದು ಭುವನೇಶ್ವರಿಯವರೇ ಹೇಳುತ್ತಾರೆ. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡುತ್ತಿಲ್ಲ."

ಬಾಯಿ ಬಿಡಬೇಡಿ ಎಂದು ಹೇಳಿ ಕಳಿಸಿದವಳು ಇಲ್ಲಿ ಕೂತಿದ್ದಳು. ಪೊಲೀಸರ ಕೋಣೆಯಲ್ಲಿ ಆ ಹೆಂಗಸು ಕೊಟ್ಟ ಮಾತು ಉಳಿಸಿಕೊಂಡು ತುಟಿ ಬಿಗಿದು ಕೂತಿರುವುದು ಶೀಲಾವತಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

"ಅವಳನ್ನು ಬಿಡಿ! ಆ ಕೌದಿ ಹರಿದು ನೋಡಿ ಮೊದಲು! ಅದರ ಒಳಗಿನ ಪದರು ಕಾರ್ಖಾನೆ ಯೂನಿಫಾರ್ಮು! ಸೋಮವಾರಕ್ಕೆ ಅವಳೇ ನನ್ನ ಸಾಕ್ಷಿ!"

"ಸೋಮವಾರ ಅವಳು ಕೋರ್ಟಿಗೆ ಬರುತ್ತಾಳೆ, ಮ್ಯಾಡಮ್. ಆರೋಪಿಯಾಗಿ." ಸೋನಾಲಿಯ ಧ್ವನಿ ಇನ್ನೂ ಕೆಳಗಿಳಿಯಿತು. "ನಾನು ಫೋನು ಮಾಡಿದ್ದು ಅದಕ್ಕಲ್ಲ. ಡಾಕ್ಟರರ ಹೇಳಿಕೆಯಲ್ಲಿ ನಿಮ್ಮ ಹೆಸರಿದೆ. ಬೆಳಿಗ್ಗೆ ಹನ್ನೊಂದೂವರೆಗೆ ನೀವು ಅವರ ಆಫೀಸಿಗೆ ಹೋಗಿ ಮೇಜಿಗೆ ಕಾಗದ ಎಸೆದು ಕೂಗಾಡಿದಿರಿ. 'ನಿಮಗೂ ನಿಮ್ಮ ಹೆಂಡತಿಗೂ ಸೀಸ ಬರುತ್ತದೆ, ನೋಡುತ್ತಿರಿ' ಅಂದಿರಿ. ಹೊರಗಿನ ಪ್ಯೂನ್ ಕೂಡ ಕೇಳಿಸಿಕೊಂಡಿದ್ದಾನೆ."

"ಹಾಗೆ ಅಲ್ಲ ನಾನು ಅಂದದ್ದು! ಅವರ ಕೈ ನೋಡಿ..."

"ಪರೀಕ್ಷೆ ಆಗುವುದಕ್ಕಿಂತ ಒಂದು ಗಂಟೆ ಮೊದಲು, ಮ್ಯಾಡಮ್. ಡಾಕ್ಟರಿಗೇ ಗೊತ್ತಿಲ್ಲದ್ದು, ಅವರ ಹೆಂಡತಿಯನ್ನು ಕಂಡೇ ಇಲ್ಲದ ನಿಮಗೆ ಹೇಗೆ ಗೊತ್ತಾಯಿತು? ಈಗ ತಾನೇ ನೀವೇ ಹೇಳಿದಿರಿ, ಗೊತ್ತಿತ್ತು ಅಂತ."

ಕೆಳಗೆ ಚಾಳಿನ ಬಾಯಲ್ಲಿ ಜೀಪು ನಿಂತ ಸದ್ದಾಯಿತು. ಆ ಇಬ್ಬರು ಹೆಂಗಸರು ಎದ್ದು ಗೋಡೆಗೆ ಒತ್ತಿ ನಿಂತರು. ಶೀಲಾವತಿಯ ತೊಡೆಯ ಮೇಲೆ ಅರ್ಧ ಹೊಲಿದ ಕೌದಿ ಇತ್ತು, ಸೂಜಿ ಅದರಲ್ಲೇ ನೇತಾಡುತ್ತಿತ್ತು, ಅವಳ ಸೀರೆಯ ಮೇಲೆಲ್ಲ ಬೂದು ಧೂಳು. ಇದನ್ನು ಬಚ್ಚಿಟ್ಟರೆ ಸೋಮವಾರ ಮಹಾದೇವಿಯ ಪರವಾಗಿ ತೋರಿಸಲು ಏನೂ ಉಳಿಯುವುದಿಲ್ಲ. ಹಿಡಿದುಕೊಂಡು ಕೂತರೆ, ಸೀಸ ಸಿಕ್ಕಿದ್ದು ತನ್ನ ಕೈಯಲ್ಲೇ ಎಂದಾಗುತ್ತದೆ.

ಬೂಟಿನ ಸದ್ದು ಮರದ ಮೆಟ್ಟಿಲು ಹತ್ತತೊಡಗಿತು. ಶೀಲಾವತಿ ಕೌದಿಯನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು, ಬಾಗಿಲಿಗೆ ಮುಖ ಮಾಡಿ ಕೂತಳು.